ಪೊಲೀಸ್ ಠಾಣೆಗೆ ಒಂದು ಡಬ್ಬ ಮೈಸೂರು ಪಾಕು

ಅಮೆರಿಕದ ಪೊಲೀಸರಿಗೆ ಲಂಚ ಕೊಟ್ಟ ಮೊದಲ ಕನ್ನಡಿಗ ಬಹುಶಃ ನಾನೇ ಇರಬೇಕು. ಅದೂ ಕದ್ದುಮುಚ್ಚಿ ಅಲ್ಲ. ಹಾಡಹಗಲಿನಲ್ಲಿ, ಠಾಣೆಯ ಕೌಂಟರಿನ ಮೇಲೆ, ಗೋಡೆಯ ಕ್ಯಾಮೆರಾ ನೋಡುತ್ತಿರುವಾಗ, ಹಲ್ಲು ಕಿರಿಯುತ್ತಾ ಕೊಟ್ಟೆ. ಯಾರು ಕೊಟ್ಟರು, ಯಾಕೆ ಕೊಟ್ಟರು ಎಂದು ಅವರಿಗೆ ಗೊಂದಲ ಆಗಬಾರದಲ್ಲ, ಹಾಗಾಗಿ ಕಾರಣವನ್ನೂ ಒಂದು ಕಾರ್ಡಿನ ಮೇಲೆ ದುಂಡಗೆ ಬರೆದು ಅಂಟಿಸಿದ್ದೆ. ಲಂಚ ಅಂದರೆ ದುಡ್ಡಲ್ಲ, ಒಂದು ಡಬ್ಬ ಮೈಸೂರು ಪಾಕು. ಕೊಟ್ಟವನಿಗೆ ಅದು ಲಂಚ ಅಂತಲೇ ಗೊತ್ತಿರಲಿಲ್ಲ. ಈ ಮಾತನ್ನು ನನ್ನ ಹೆಂಡತಿ ರೂಪಾ ಇವತ್ತಿಗೂ ನಂಬುವುದಿಲ್ಲ, "ಅಷ್ಟು ಪೆದ್ದ ಯಾರೂ ಇರಲ್ಲ ಮಂಜು" ಅನ್ನುತ್ತಾಳೆ.

ಕಳೆದ ವಾರ ಸ್ಯಾನ್ ಮಟಿಯೋ ಕಡೆಯಿಂದ ಬರುವಾಗ ಜೋರು ಮಳೆ. ಫ್ರೀವೇಯಲ್ಲಿ ಕಾರುಗಳು ಅಲ್ಲಾಡದೆ ನಿಂತಿದ್ದವು. ಬೇಸರ ಬಂದು ನಮ್ಮ ಹಳೆಯ ಊರಿನ ಎಕ್ಸಿಟ್‌ನಲ್ಲಿ ಇಳಿದೆ. ಗ್ರೋಸರಿ ಅಂಗಡಿ ದಾಟಿ ಸಿಟಿ ಹಾಲ್ ಹಿಂದಿನ ರಸ್ತೆಗೆ ತಿರುಗಿ ಕಿಟಕಿ ಇಳಿಸಿದ್ದೇ ತಡ, ನೆನೆದ ನೀಲಗಿರಿ ಎಲೆಯ ವಾಸನೆ ಮೂಗಿಗೆ ಬಡಿಯಿತು. ಒಂದು ಇಡೀ ಮಳೆಗಾಲ ನಾನು ಆ ವಾಸನೆಯ ಕೆಳಗೆ ಹಳದಿ ರೇನ್‌ಕೋಟು ಹಾಕಿಕೊಂಡು ನಿಂತಿದ್ದೆ. ಆ ಊರಿನ ಹೆಸರು ಮಾತ್ರ ಹೇಳುವುದಿಲ್ಲ. ಅವರ ದಫ್ತರದಲ್ಲಿ ನನ್ನ ಹೆಸರು ಇದೆ, ಅಷ್ಟು ಸಾಕು.

ಅದು ಡಾಟ್ ಕಾಮ್ ಹುಚ್ಚು ನೆತ್ತಿಗೇರಿದ್ದ ವರ್ಷ. ರೂಪಾ ಇಂಟರ್ನೆಟ್ಟಿನಲ್ಲಿ ಸ್ನಾನದ ಟವೆಲ್ ಮಾರುವ ಒಂದು ಕಂಪನಿಯಲ್ಲಿ ಪ್ರೋಗ್ರಾಮು ಬರೆಯುತ್ತಿದ್ದಳು. ಟವೆಲ್ ಮಾರಲು ಅಷ್ಟೊಂದು ಜನ ಬೆಳಿಗ್ಗೆಯಿಂದ ರಾತ್ರಿಯವರೆಗೆ ಏನು ಮಾಡುತ್ತಾರೆ ಎಂದು ನನಗೆ ತಿಳಿಯುತ್ತಿರಲಿಲ್ಲ. ನಾನು ಅವಳ ಲಗೇಜಿನ ಜೊತೆ ಬಂದ ಗಂಡ. ಡಿಪೆಂಡೆಂಟ್ ವೀಸಾ, ಕೆಲಸ ಮಾಡುವ ಹಾಗಿಲ್ಲ. ತುಮಕೂರಿನ ಕಡೆ ಒಂದು ಸಣ್ಣ ಪತ್ರಿಕೆಗೆ ಪುರಸಭೆಯ ವರದಿ ಬರೆದುಕೊಂಡಿದ್ದವನು ಇಲ್ಲಿಗೆ ಬಂದು ಪಾತ್ರೆ ತೊಳೆಯುವುದರಲ್ಲಿ ಪಳಗಿದೆ. ಹೊತ್ತು ಹೋಗಬೇಕಲ್ಲ. ನಮ್ಮ ಟಿವಿಯಲ್ಲಿ ಬಿಟ್ಟಿಯಾಗಿ ಬರುತ್ತಿದ್ದ ಒಂದು ಚಾನೆಲ್ಲಿನಲ್ಲಿ ಊರಿನ ಸಿಟಿ ಕೌನ್ಸಿಲ್ ಮೀಟಿಂಗು ತೋರಿಸುತ್ತಿದ್ದರು. ಬೇರೆಯವರು ಧಾರಾವಾಹಿ ನೋಡುವ ಹಾಗೆ ನಾನು ಅದನ್ನು ನೋಡತೊಡಗಿದೆ. ಚರಂಡಿ, ಬೀದಿದೀಪ, ಪೊಲೀಸರಿಗೆ ಹೊಸ ಸೈಕಲ್ಲು, ಯಾರದೋ ಬೇಲಿ ಯಾರಿಗೋ ಎತ್ತರ. ಯಾವ ಮೆಂಬರಿಗೆ ಯಾರ ಮೇಲೆ ಸಿಟ್ಟು ಎಂದು ನನಗೆ ಬಾಯಿಪಾಠವಾಗಿತ್ತು. ಪುರಸಭೆ ಎಲ್ಲಾ ಕಡೆಯೂ ಪುರಸಭೆಯೇ, ಇವರಿಗೆ ಮೈಕು ಒಂದು ಚೆನ್ನಾಗಿದೆ ಅಷ್ಟೇ ಎಂದುಕೊಂಡೆ. ಎಡವಿದ್ದು ಅಲ್ಲಿಯೇ.

ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಬೀದಿಯಲ್ಲಿ ಶಾಂತಕ್ಕನ ಮನೆ. ಉಡುಪಿಯವರು. ಗಂಡ ಸದಾಶಿವಣ್ಣನಿಗೆ ದೂರದ ಗಿಲ್‌ರಾಯ್‌ನಲ್ಲಿ ಬೆಳ್ಳುಳ್ಳಿ ಪ್ಯಾಕ್ ಮಾಡುವ ಕಡೆ ಕೆಲಸ. ಸಂಜೆ ಅವರು ಬರುವುದಕ್ಕೆ ಮುಂಚೆ ಅವರ ಶರ್ಟಿನ ವಾಸನೆ ಬರುತ್ತಿತ್ತು. ಶಾಂತಕ್ಕ ಮನೆಯಲ್ಲೇ ಡೇಕೇರು ನಡೆಸುತ್ತಿದ್ದರು. ಅಪ್ಪ ಅಮ್ಮ ಇಬ್ಬರೂ ಟವೆಲ್ ಥರದ ಕಂಪನಿಗಳಲ್ಲಿ ಮುಳುಗಿಹೋದ ಮಕ್ಕಳೆಲ್ಲ ಅವರ ಮನೆಯಲ್ಲಿ ಮೊಸರನ್ನ ತಿಂದು ಬೆಳೆಯುತ್ತಿದ್ದವು. ಕೆಲಸವಿಲ್ಲದ ನಾನು ಅಲ್ಲಿ ಹಾಲು ತಂದುಕೊಡುವುದು, ಮಕ್ಕಳಿಗೆ ಆನೆಯಾಗುವುದು, ಇಂಥದ್ದಕ್ಕೆ ಒದಗುತ್ತಿದ್ದೆ.

ಆ ವರ್ಷ ಅವರಿಗೆ ಒಂದು ತಲೆನೋವು ಬಂತು. ಹೆಚ್ಚು ಮಕ್ಕಳನ್ನು ಇಟ್ಟುಕೊಳ್ಳಬೇಕಾದರೆ ಸಿಟಿಯವರ ಪರ್ಮಿಟ್ಟು ಬೇಕು. ಮಗು ಹೆತ್ತು ಕೆಲಸಕ್ಕೆ ವಾಪಸು ಹೊರಟಿದ್ದ ನಾಲ್ಕಾರು ತಾಯಂದಿರಿಗೆ ಶಾಂತಕ್ಕ ಆಗಲೇ "ಆಯ್ತು, ಕರ್ಕೊಂಡು ಬಾ" ಅಂದುಬಿಟ್ಟಿದ್ದರು. ಎದುರು ಮನೆಯ ವಾಲ್ಟರ್ ಎಂಬ ಮುದುಕರು ಮಾತ್ರ ತಕರಾರು ಹಾಕಿದ್ದರು: ಬೆಳಿಗ್ಗೆ ಮಕ್ಕಳನ್ನು ಬಿಡಲು ಬರುವ ಕಾರುಗಳು ತಮ್ಮ ಗೇಟಿಗೆ ಅಡ್ಡ ನಿಲ್ಲುತ್ತವೆ ಎಂದು. ಹೀಗಾಗಿ ವಿಷಯ ಪ್ಲಾನಿಂಗ್ ಕಮಿಷನ್ ಮುಂದೆ ಹೋಯಿತು. ಯಾರ ಮನೆಯಲ್ಲಿ ಏನು ನಡೆಯಬಹುದು ಎಂದು ತೀರ್ಮಾನಿಸುವ ಊರಿನ ಪಂಚಾಯ್ತಿ ಅದು. ಅದಕ್ಕೆ ಮೊದಲು ಪೊಲೀಸರು ಬಂದು ರಸ್ತೆ ನೋಡಿ, ತೊಂದರೆ ಇದೆಯೋ ಇಲ್ಲವೋ ಹೇಳಬೇಕು.

"ಪರ್ಮಿಟ್ಟು ಸಿಗದಿದ್ರೆ ಏನ್ ಮಾಡೋದು ಶಾಂತಕ್ಕ?" ಎಂದು ಕೇಳಿದ್ದೆ.

"ಎಂತ ಮಾಡೋದು? ಇಷ್ಟು ಮಕ್ಕಳಲ್ಲಿ ಈ ಮನೆ ನಡೆಸ್ಲಿಕ್ಕೆ ಆಗುದಿಲ್ಲ. ಬಾಗಿಲು ಹಾಕಿ ಗಿಲ್‌ರಾಯ್‌ಗೆ ಹೋಗುದು. ಅಲ್ಲಿ ನಿಮ್ಮ ಸದಾಶಿವಣ್ಣನ ಹಾಗೆ ನಾನೂ ಬೆಳ್ಳುಳ್ಳಿ ಸುಲಿಯುದು," ಅಂದರು. ನಕ್ಕರು, ಆದರೆ ಮಡಿಲಲ್ಲಿ ಮಲಗಿದ್ದ ಕೂಸಿನ ಬೆನ್ನು ತಟ್ಟುತ್ತಿದ್ದ ಕೈ ನಿಂತಿತು.

ಹೀಗಿರುವಾಗ ಅಕ್ಟೋಬರಿನ ಒಂದು ಒಣ ಬೆಳಿಗ್ಗೆ ನಾನು ಹಾಲಿನ ಕ್ಯಾನುಗಳನ್ನು ಕಾರಿಗೆ ಹಾಕಿಕೊಂಡು ಶಾಂತಕ್ಕನ ಮನೆಗೆ ಹೊರಟಿದ್ದೆ. ಅವರ ಬೀದಿಯ ಮೂಲೆಯಲ್ಲೊಂದು ಸ್ಟಾಪ್ ಬೋರ್ಡಿದೆ, ಅದರ ಮುಂದೆ ಕಾರು ಪೂರ್ತಿ ನಿಲ್ಲಿಸಿಯೇ ಹೋಗಬೇಕು. ನಾನು ಅದಕ್ಕೆ ಮರ್ಯಾದೆ ಕೊಟ್ಟು ನಿಧಾನ ಮಾಡಿದೆ, ಆದರೆ ನಿಲ್ಲಲಿಲ್ಲ. ಹಿಂದೆ ಕೆಂಪು ನೀಲಿ ದೀಪ ಕುಣಿಯಿತು. ಮರದ ಕೆಳಗೆ ಕಾರು ನಿಲ್ಲಿಸಿಕೊಂಡು ರಸ್ತೆ ನೋಡಲು ಬಂದಿದ್ದ ಪೊಲೀಸ್ ಆಫೀಸರೇ ನನ್ನನ್ನು ಹಿಡಿದರು. ಹೆಂಗಸು, ಹೆಸರು ಓರ್ಟಿಸ್ ಎಂದು ಆಮೇಲೆ ಗೊತ್ತಾಯಿತು.

ನಮ್ಮ ಕಡೆ ಪೊಲೀಸರು ನಿಲ್ಲಿಸಿದರೆ ಏನು ಮಾಡುತ್ತೇವೆ? ಗಾಡಿ ಬದಿಗೆ ಹಾಕಿ, ಇಳಿದು, ಕಾಗದಪತ್ರ ಹಿಡಿದು, ನಾವೇ ಅವರ ಹತ್ತಿರ ಹೋಗಿ "ನಮಸ್ಕಾರ ಸಾರ್" ಅನ್ನುತ್ತೇವೆ. ಒಳಗೇ ಕೂತರೆ ಇವನಿಗೆಷ್ಟು ಕೊಬ್ಬು ಅಂದುಕೊಳ್ಳುತ್ತಾರೆ. ನಾನು ವಿನಯವಂತ. ದಡಬಡ ಇಳಿದೆ. ಅವರ ಕಡೆ ಬೇಗಬೇಗ ನಡೆದೆ. ಲೈಸೆನ್ಸು ಪ್ಯಾಂಟಿನ ಹಿಂದಿನ ಜೇಬಿನಲ್ಲಿತ್ತು, ನಡೆಯುತ್ತಲೇ ಕೈ ಹಿಂದೆ ಹಾಕಿದೆ.

ಅವರು ಕೂಗಿದ ಕೂಗಿಗೆ ನೀಲಗಿರಿ ಮರದ ಕಾಗೆಗಳೆಲ್ಲ ಎದ್ದವು. ಅವರ ಕೈ ಸೊಂಟದ ಪಿಸ್ತೂಲಿನ ಮೇಲಿತ್ತು. ನಾನು ಎರಡೂ ಕೈ ಆಕಾಶಕ್ಕೆ ಎತ್ತಿ ನಿಂತೆ. ಶಾಂತಕ್ಕನ ಕಿಟಕಿಯಲ್ಲಿ ಮಕ್ಕಳೆಲ್ಲ ಸಾಲಾಗಿ ಮೂಗು ಒತ್ತಿ ನೋಡುತ್ತಿದ್ದವು. ಒಂದು ಹುಡುಗಿ ಚಪ್ಪಾಳೆ ತಟ್ಟಿ, "ಮಂಜು ಅಂಕಲ್ ಈಸ್ ಅರೆಸ್ಟೆಡ್!" ಎಂದು ಕಿರುಚಿದ್ದು ಬೀದಿಗೆಲ್ಲ ಕೇಳಿಸಿತು.

ನಾನು ಯಾವ ತಳಿಯ ಪ್ರಾಣಿ ಎಂದು ಓರ್ಟಿಸ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತಾಯಿತು. ಆಮೇಲೆ ಮೆತ್ತಗೆ ಹೇಳಿದರು, "ನೋಡಪ್ಪಾ, ಇಲ್ಲಿ ಪೊಲೀಸು ನಿಲ್ಲಿಸಿದರೆ ಕಾರಿನಿಂದ ಇಳಿಯಬಾರದು. ಕೈ ಎರಡೂ ಸ್ಟೀರಿಂಗ್ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತಿರಬೇಕು. ನೀನು ಬಂದ ರೀತಿಗೆ ನನ್ನ ಜೀವ ಬಾಯಿಗೆ ಬಂತು." ದಂಡ ಹಾಕಲಿಲ್ಲ, ಎಚ್ಚರಿಕೆ ಕೊಟ್ಟು ಕಳಿಸಿದರು.

ಎಂಥಾ ಒಳ್ಳೆಯ ಹೆಂಗಸು! ನನ್ನ ಎದೆ ಕೃತಜ್ಞತೆಯಿಂದ ತುಂಬಿ ತುಳುಕಿತು. ತುಳುಕಿದ್ದು ತಲೆಗೆ ಹೋಯಿತು.

ದೀಪಾವಳಿ ಬಂತು. ಶಾಂತಕ್ಕ ಮಕ್ಕಳ ಮನೆಗಳಿಗೆ ಹಂಚಲೆಂದು ಮೈಸೂರು ಪಾಕು ಮಾಡಿ ಡಬ್ಬಗಳಲ್ಲಿ ತುಂಬಿಟ್ಟಿದ್ದರು. ನಾನು ಪುರಸಭೆ ವರದಿಗಾರನಾಗಿದ್ದ ಕಾಲದಲ್ಲಿ ಹಬ್ಬ ಬಂದರೆ ಯಾವ ಆಫೀಸಿಗೂ ಯಾರೂ ಬರಿಗೈಯಲ್ಲಿ ಹೋಗಿದ್ದನ್ನು ನೋಡಿದವನಲ್ಲ. ಸ್ವೀಟು ಕೊಡುವುದು ಲಂಚವಲ್ಲ, ಮರ್ಯಾದೆ. ಕೊಡದಿದ್ದರೆ ಅಹಂಕಾರ. ಶಾಂತಕ್ಕ ಮಗುವಿಗೆ ಡಯಾಪರ್ ಹಾಕುತ್ತಿದ್ದಾಗ ಆ ಪೊಲೀಸ್ ಆಫೀಸರಿಗೆಂದು ಒಂದು ಡಬ್ಬ ಎತ್ತಿಕೊಂಡೆ. ಕಾರ್ಡಿನಲ್ಲಿ ನನ್ನ ಇಂಗ್ಲಿಷಿನಲ್ಲಿ ಬರೆದದ್ದರ ತಾತ್ಪರ್ಯ ಇಷ್ಟು: "ಶಾಂತಾ ಡೇಕೇರ್ ವತಿಯಿಂದ ಹಬ್ಬದ ಶುಭಾಶಯ. ಅವತ್ತು ನೀವು ತೋರಿಸಿದ ದಯೆಯನ್ನು ಮರೆಯುವುದಿಲ್ಲ. ನಮ್ಮ ಪರ್ಮಿಟ್ಟಿನ ಕೆಲಸವನ್ನೂ ನೀವು ಮರೆಯಬಾರದು."

ಠಾಣೆಯ ಕೌಂಟರಿನಲ್ಲಿದ್ದವನು ಡಬ್ಬ ಮೂಸಿ, ಕಾರ್ಡು ಓದಿ, ನನ್ನ ಮುಖ ನೋಡಿ, "ಇದು ಏತಕ್ಕೆ?" ಎಂದು ಕೇಳಿದ.

"ಎಲ್ಲದಕ್ಕೂ!" ಎಂದು ಎರಡೂ ಕೈ ಅಗಲಿಸಿ ಹೇಳಿ ಬಂದೆ. ದಾರಿಯುದ್ದಕ್ಕೂ ಸಿಳ್ಳೆ ಹಾಕಿದೆ.

ಎರಡು ದಿನ ಬಿಟ್ಟು ಶಾಂತಕ್ಕ ಕರೆದರು. ಮಕ್ಕಳು ಮಲಗಿದ್ದವು. ಅಡುಗೆಮನೆಯಲ್ಲಿ ಕುರ್ಚಿ ತೋರಿಸಿದರು.

"ಮಂಜು, ಕೂತ್ಕೋ. ಕಟ್ಟಿಟ್ಟ ಡಬ್ಬದಲ್ಲಿ ಒಂದು ಕಮ್ಮಿ ಉಂಟಲ್ಲ, ನೋಡಿದ್ದೀಯಾ?"

"ಯಾವ ಡಬ್ಬ ಶಾಂತಕ್ಕ?"

"ನಾಟಕ ಬೇಡ ಮಾರಾಯ. ಅದು ಪೊಲೀಸ್ ಸ್ಟೇಷನ್ನಲ್ಲಿ ಉಂಟಂತೆ. ಈಗ ಸಿಟಿ ಆಫೀಸಿನವರು ಫೋನ್ ಮಾಡಿ ಹೇಳಿದ್ರು."

ಆ ಡಬ್ಬವನ್ನು ಯಾರೂ ಮುಟ್ಟಿರಲಿಲ್ಲ. ಓರ್ಟಿಸ್ ಅದನ್ನು ನೋಡಿದ ಕೂಡಲೇ ಮೇಲಿನವರಿಗೆ ತಿಳಿಸಿ, ತಾವು ಇನ್ನು ಈ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಾಗಿಲ್ಲ ಎಂದು ಹಿಂದೆ ಸರಿದಿದ್ದರು. ಅವರು ಆ ಒಣ ಬೆಳಿಗ್ಗೆ ನೋಡಿದ್ದು ಲೆಕ್ಕಕ್ಕಿಲ್ಲ. ಬೇರೆ ಆಫೀಸರು ಬಂದು ಮೊದಲಿಂದ ನೋಡುತ್ತಾರೆ. ಮೀಟಿಂಗು ಮುಂದಕ್ಕೆ ಹೋಯಿತು. ಮುಂದಕ್ಕೆ ಅಂದರೆ ಸರಿಯಾಗಿ ಮಳೆಗಾಲದ ನಡುವಿಗೆ, ಇಲ್ಲಿ ಮಳೆ ಬರುವುದೇ ಚಳಿಗಾಲದಲ್ಲಿ. ಮಳೆಯಲ್ಲಿ ಪ್ರತಿಯೊಬ್ಬ ತಾಯಿಯೂ ಮಗು ನೆನೆಯಬಾರದೆಂದು ಬಾಗಿಲಿಗೇ ಕಾರು ತಂದು ನಿಲ್ಲಿಸುತ್ತಾಳೆ. ವಾಲ್ಟರ್ ತಕರಾರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

"ಶಾಂತಕ್ಕ, ನಾನು ಒಳ್ಳೇದಾಗಲಿ ಅಂತ..."

"ನೀನು ಇನ್ನು ಒಳ್ಳೇದು ಮಾಡ್ಲಿಕ್ಕೆ ಹೋಗ್ಬೇಡ. ಇಷ್ಟು ವರ್ಷ ನನ್ನ ಮೇಲೆ ಒಂದು ಮಾತು ಇರ್ಲಿಲ್ಲ. ಈಗ ಮೀಟಿಂಗಲ್ಲಿ, ಟಿವಿಯಲ್ಲಿ ಎಲ್ಲರ ಎದುರು ಓದ್ತಾರಂತೆ, ಶಾಂತಾ ಡೇಕೇರಿನವರು ಪೊಲೀಸಿಗೆ ಡಬ್ಬ ಕೊಟ್ರು ಅಂತ." ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ತಪ್ಪಿಸಿಕೊಳ್ಳಬಹುದಿತ್ತು.

ಸುದ್ದಿ ಹಬ್ಬಿತು. ಬೆರ್ರಿಯೆಸಾದಿಂದ ಮಗುವನ್ನು ತಂದು ಬಿಡುತ್ತಿದ್ದ ಒಂದು ಕೊಂಕಣಿ ದಂಪತಿ ಬಂದು, "ಪೊಲೀಸ್ ಗಿಲೀಸ್ ಎಲ್ಲ ಬೇಡ ಶಾಂತಕ್ಕ, ನಮ್ಮದು ಗ್ರೀನ್ ಕಾರ್ಡ್ ನಡೀತಾ ಇದೆ" ಎಂದು ಹೇಳಿ ಮಗುವಿನ ಹಾಸಿಗೆ ಸುತ್ತಿಕೊಂಡು ಹೋದರು. ಆ ಮಗು ನನಗೆ ಟಾಟಾ ಮಾಡಿತು. ಅವತ್ತು ನನಗೆ ಜೋಕು ಹೊಳೆಯಲಿಲ್ಲ.

ಮನೆಗೆ ಬಂದು ರೂಪಾಗೆ ನನ್ನ ಹೊಸ ಯೋಜನೆ ಹೇಳಿದೆ. ಊರಿನ ಕನ್ನಡಿಗರನ್ನೆಲ್ಲ ಮೀಟಿಂಗಿಗೆ ಕರೆದುಕೊಂಡು ಹೋಗುವುದು, ನಾನು ಭಾಷಣ ಮಾಡುವುದು, ಮಕ್ಕಳಿಂದ ಒಂದು ಸಮೂಹಗಾನ.

"ಮಂಜು," ಅಂದಳು ಅವಳು, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ವಾಲ್ಟರ್ ಕಂಪ್ಲೇಂಟು ಏನು? ಗೇಟಿಗೆ ಅಡ್ಡ ಕಾರು ನಿಲ್ಲುತ್ತೆ ಅಂತ ತಾನೆ? ನಿಲ್ಲದ ಹಾಗೆ ನೋಡ್ಕೋ. ಸಮೂಹಗಾನ ಆಮೇಲೆ."

ಇಷ್ಟು ಸರಳವಾದದ್ದು ಪುರಸಭೆ ತಜ್ಞನಿಗೆ ಹೊಳೆದಿರಲಿಲ್ಲ. ಮರುದಿನದಿಂದ ಹಳದಿ ರೇನ್‌ಕೋಟು ಹಾಕಿಕೊಂಡು ಶಾಂತಕ್ಕನ ಮನೆ ಮುಂದೆ ನಿಂತೆ. ಕಾರುಗಳನ್ನು ಮೂಲೆ ತಿರುಗಿಸಿ ಪಕ್ಕದ ರಸ್ತೆಯಲ್ಲಿ ನಿಲ್ಲಿಸುವುದು, ಅಲ್ಲಿಂದ ಮಕ್ಕಳನ್ನು ಕೊಡೆ ಹಿಡಿದು, ಕೆಲವನ್ನು ಕಂಕುಳಲ್ಲಿ ಇರುಕಿ, ಮನೆಗೆ ಮುಟ್ಟಿಸುವುದು. ಬೇ ಏರಿಯಾದ ಮಳೆ ನಮ್ಮೂರಿನ ಹಾಗೆ ಸುರಿದು ಮುಗಿಸುವುದಿಲ್ಲ. ಬೆಳಿಗ್ಗೆ ಹಿಡಿದರೆ ಮಧ್ಯಾಹ್ನದವರೆಗೂ ಸೋನೆ, ಎಲುಬಿನವರೆಗೂ ಚಳಿ. ಮೊದಲ ವಾರ ತಾಯಂದಿರು ಬೈದರು. "ಮಂಜು, ನಂಗೆ ಒಂಬತ್ತಕ್ಕೆ ಮೀಟಿಂಗು! ಇಲ್ಲೇ ಒಂದ್ ನಿಮಿಷ ಬಿಡೋ!" ನಾನು ಕಾರಿನ ಮುಂದೆ ಅಡ್ಡ ನಿಂತು ಕೈ ತೋರಿಸುತ್ತಿದ್ದೆ. ನಮ್ಮೂರಿನ ಟ್ರಾಫಿಕ್ ಪೇದೆಯ ಗತ್ತು ಮೈಮೇಲೆ ಬರುತ್ತಿತ್ತು. ಪೀಪಿ ಒಂದು ಇರಲಿಲ್ಲ, ಬಾಯಲ್ಲೇ ಊದುತ್ತಿದ್ದೆ. ಮಕ್ಕಳು ನನಗೆ "ರೇನ್ ಪೊಲೀಸ್" ಎಂದು ಹೆಸರಿಟ್ಟವು.

ಒಂದು ದಿನ ವಾಲ್ಟರ್ ಕೊಡೆ ಹಿಡಿದು ರಸ್ತೆ ದಾಟಿ ಬಂದರು. ನೆಟ್ಟಗೆ ನಿಲ್ಲುವ, ನಗದ ಮುದುಕರು.

"ನೀನು ಸಿಟಿಯ ಕಡೆಯವನಾ? ಯಾವ ಡಿಪಾರ್ಟ್‌ಮೆಂಟು?"

"ಶಾಂತಕ್ಕನ ಡಿಪಾರ್ಟ್‌ಮೆಂಟು ಸಾರ್."

ಅವರು ನಗಲಿಲ್ಲ. ಕಾರಣ ಹೇಳಿದರು. ಅವರ ಹೆಂಡತಿಗೆ ಕಿಡ್ನಿ ಹೋಗಿತ್ತು. ವಾರದಲ್ಲಿ ಮೂರು ಬೆಳಿಗ್ಗೆ ಡಯಾಲಿಸಿಸ್‌ಗೆಂದು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ತಡವಾಗಿ ಹೋದರೆ ಆ ಜಾಗ ಬೇರೆಯವರಿಗೆ ಹೋಗುತ್ತದೆ. ಗೇಟಿಗೆ ಅಡ್ಡ ಕಾರು ನಿಲ್ಲಿಸಿ ಒಳಗೆ ಹೋದ ತಾಯಿ ಬರುವವರೆಗೆ ಅವರ ಹೆಂಡತಿ ತಮ್ಮ ಕಾರಿನಲ್ಲಿ ಕೋಟು ಹಾಕಿಕೊಂಡು ಕಾಯುತ್ತಿದ್ದರಂತೆ. ಇದನ್ನು ಇವರು ಯಾಕೆ ಮೊದಲೇ ಹೇಳಲಿಲ್ಲ ಎಂದುಕೊಂಡೆ. ನಾವು ಯಾರೂ ಕೇಳಿರಲಿಲ್ಲ. ಅವರು ಮಕ್ಕಳ ಗದ್ದಲಕ್ಕೆ ಹೊಟ್ಟೆಕಿಚ್ಚು ಪಡುವ ಮುದುಕ ಎಂದು ನಾನೇ ಎಲ್ಲರಿಗೂ ಅಣಕಿಸಿ ತೋರಿಸುತ್ತಿದ್ದೆ, ಕೊಡೆ ಸಮೇತ. ಅವತ್ತಿನಿಂದ ಆ ಮೂರು ದಿನ ಅವರ ಕಾರು ಹೊರಗೆ ಬರುವವರೆಗೆ ನಾನು ರಸ್ತೆಯಲ್ಲಿ ಯಾರನ್ನೂ ಬಿಡುತ್ತಿರಲಿಲ್ಲ. ಒಂದು ಸಲ ಪೋಸ್ಟಿನವನನ್ನೂ ತಡೆದೆ.

ಹೊಸ ಪೊಲೀಸ್ ಆಫೀಸರು ಯಾವಾಗ ಬಂದು ನೋಡಿ ಹೋದರೋ ನನಗೆ ಗೊತ್ತಾಗಲೇ ಇಲ್ಲ. ಗೊತ್ತಾಗದ್ದು ಒಳ್ಳೆಯದಾಯಿತು. ಗೊತ್ತಾಗಿದ್ದರೆ ಕಾಫಿ ಕೊಟ್ಟಿರುತ್ತಿದ್ದೆ.

ಜನವರಿಯ ಒಂದು ಸಂಜೆ ಮೀಟಿಂಗು. ಟಿವಿಯಲ್ಲಿ ದೊಡ್ಡದಾಗಿ ಕಾಣುತ್ತಿದ್ದ ಹಾಲು ಎದುರಿಗೆ ನೋಡಿದರೆ ನಮ್ಮೂರಿನ ಕಲ್ಯಾಣ ಮಂಟಪದ ಊಟದ ಮನೆಯಷ್ಟೂ ಇರಲಿಲ್ಲ. ಶಾಂತಕ್ಕ ರೇಷ್ಮೆ ಸೀರೆಯ ಮೇಲೆ ಸ್ವೆಟರು ಹಾಕಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಸದಾಶಿವಣ್ಣ, ಬೆಳ್ಳುಳ್ಳಿ ವಾಸನೆಗೆ ಅವರ ಪಕ್ಕದ ಕುರ್ಚಿ ಖಾಲಿ. ಸಿಟಿಯ ವಕೀಲರು ಎದ್ದು, ಯಾವುದೇ ಭಾವನೆ ಇಲ್ಲದ ದನಿಯಲ್ಲಿ ಡಬ್ಬದ ಕಥೆ ಓದಿದರು. "ಹಳದಿ ಬಣ್ಣದ, ತುಪ್ಪ ಸೂಸುವ ಸಿಹಿ ತಿಂಡಿ" ಎಂದರು. ನನ್ನ ಕಾರ್ಡನ್ನೂ ಪೂರ್ತಿ ಓದಿದರು. ಸಭೆಯಲ್ಲಿ ಯಾರೋ ಕೆಮ್ಮಿದರು. ಶಾಂತಕ್ಕನ ಕಿವಿ ಕೆಂಪಗಾದದ್ದು ಹಿಂದಿನ ಸಾಲಿನಿಂದಲೂ ಕಾಣಿಸಿತು.

ಮಾತಾಡುವವರಿಗೆ ಮೂರು ನಿಮಿಷ. ನಾನು ಮೈಕಿನ ಮುಂದೆ ಹೋಗಿ ಹೇಳಿದೆ: ಡಬ್ಬ ತೆಗೆದುಕೊಂಡು ಹೋದದ್ದು ನಾನು, ಕಾರ್ಡು ಬರೆದದ್ದು ನಾನು, ಶಾಂತಕ್ಕನಿಗೆ ಗೊತ್ತೇ ಇರಲಿಲ್ಲ. ನಮ್ಮ ಕಡೆ ಹಬ್ಬಕ್ಕೆ ಹೀಗೆ ಕೊಡುತ್ತಾರೆ, ಇಲ್ಲಿ ಕೊಡಬಾರದು ಎಂದು ಈಗ ಕಲಿತೆ.

ಕಮಿಷನ್ನಿನ ಅಧ್ಯಕ್ಷೆ ಕನ್ನಡಕದ ಮೇಲಿನಿಂದ ನೋಡಿ ಕೇಳಿದರು, "ನೀವು ಆ ಡೇಕೇರಿನ ನೌಕರರಾ?"

"ಇಲ್ಲ ಮೇಡಂ. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ. ತಪ್ಪು ಮಾಡಬಹುದು, ಅದಕ್ಕೆ ತಡೆ ಇಲ್ಲ."

ಸಭೆ ನಕ್ಕಿತು. ಶಾಂತಕ್ಕ ನಗಲಿಲ್ಲ. ನಾನು ಬೆವರು ಒರೆಸಿಕೊಂಡು ಬಂದು ಕೂತೆ.

ಆಮೇಲೆ ವಾಲ್ಟರ್ ಎದ್ದರು. "ಈ ಹುಡುಗ ರಸ್ತೆಯಲ್ಲಿ ನಿಂತ ಮೇಲೆ ನನ್ನ ಹೆಂಡತಿ ಒಂದು ದಿನವೂ ತಡವಾಗಿ ಹೋಗಿಲ್ಲ. ಆದರೆ ಇವನು ನೌಕರನಲ್ಲವಂತೆ. ನಾಳೆ ಬರದಿದ್ದರೆ ನಾನು ಯಾರನ್ನು ಕೇಳಲಿ?" ಇಷ್ಟು ಹೇಳಿ ಕೂತರು. ಪರವೂ ಅಲ್ಲ, ವಿರೋಧವೂ ಅಲ್ಲ.

ಉತ್ತರ ಕೊಟ್ಟದ್ದು ಶಾಂತಕ್ಕ. ಅವರು ಎದ್ದು, ಯಾರ ಕಡೆಯೂ ನೋಡದೆ ವಾಲ್ಟರ್ ಕಡೆ ತಿರುಗಿ, ತಮ್ಮ ಬಿಡಿಬಿಡಿ ಇಂಗ್ಲಿಷಿನಲ್ಲಿ ಹೇಳಿದರು, "ದಿನಾ ಬೆಳಿಗ್ಗೆ ಒಬ್ಬರು ನಿಲ್ಲುತ್ತಾರೆ. ನಾನು ಸಂಬಳ ಕೊಟ್ಟು ಇಟ್ಟುಕೊಳ್ಳುತ್ತೇನೆ. ಯಾರೂ ಸಿಗದ ದಿನ ನಾನು ನಿಲ್ಲುತ್ತೇನೆ. ನಿಮ್ಮ ಹೆಂಡತಿಯ ವಿಷಯ ನನಗೆ ಮೊದಲು ಗೊತ್ತಿರಲಿಲ್ಲ. ಕ್ಷಮಿಸಿ."

ಪರ್ಮಿಟ್ಟು ಸಿಕ್ಕಿತು. ಕೇಳಿದಷ್ಟು ಮಕ್ಕಳಿಗೆ ಅಲ್ಲ, ಅದಕ್ಕಿಂತ ಕಮ್ಮಿ. ದಿನಾ ಬೆಳಿಗ್ಗೆ ರಸ್ತೆಯಲ್ಲಿ ಒಬ್ಬರು ನಿಲ್ಲಲೇಬೇಕು ಎಂದು ಷರತ್ತು. ಮಾತು ಕೊಟ್ಟಿದ್ದ ತಾಯಂದಿರಲ್ಲಿ ಇಬ್ಬರಿಗೆ ಶಾಂತಕ್ಕ ಇಲ್ಲ ಅನ್ನಬೇಕಾಯಿತು. ಒಬ್ಬಳು ಫೋನಿನಲ್ಲೇ ಅತ್ತಳಂತೆ. ಆದರೆ ಗಿಲ್‌ರಾಯ್‌ಗೆ ಹೋಗುವುದು ತಪ್ಪಿತು.

ಫೆಬ್ರವರಿ ಮುಗಿಯುವ ಹೊತ್ತಿಗೆ ರೋಸಾ ಎಂಬ ಹೆಂಗಸು ಬೆಳಗಿನ ಕೆಲಸಕ್ಕೆ ಸೇರಿದರು. ನಾನು ರೇನ್‌ಕೋಟು ಒಗೆದು ಒಣಗಿಸಿ ತಂದುಕೊಟ್ಟೆ. ರೋಸಾ ಅದನ್ನು ಹಾಕಿಕೊಂಡು ರಸ್ತೆಗೆ ಹೋದರು. ಅವರು ಬಾಯಲ್ಲಿ ಪೀಪಿ ಊದದಿದ್ದರೂ ಕಾರುಗಳು ಅವರ ಮಾತು ಕೇಳಿದವು. ನಾನು ಅಡುಗೆಮನೆಯಲ್ಲಿ ಶಾಂತಕ್ಕ ಕೊಟ್ಟ ಕಾಫಿ ಹಿಡಿದು ನಿಂತೆ.

"ಶಾಂತಕ್ಕ, ಆ ಡಬ್ಬ ತಗೊಂಡು ಹೋಗುವಾಗ ನಿಮ್ಮನ್ನು ಒಂದು ಮಾತು ಕೇಳ್ಬೇಕಿತ್ತು. ತಪ್ಪಾಯ್ತು."

ಅವರು ಅನ್ನಕ್ಕೆ ಮೊಸರು ಕಲಸುತ್ತಿದ್ದವರು ತಲೆ ಎತ್ತಲಿಲ್ಲ.

"ಕೇಳಿದ್ರೆ ಎರಡು ಡಬ್ಬ ಕೊಡ್ತಿದ್ದೆ ಮಾರಾಯ. ಒಂದು ಆ ಅಧ್ಯಕ್ಷೆಗೆ. ನನಗೆಂತ ಗೊತ್ತುಂಟು ಇಲ್ಲಿಯ ಕಾನೂನು?"

ನಾನು ಕಾಫಿ ಕೆಳಗಿಟ್ಟೆ. "ಮತ್ತೆ ಇಡೀ ಮಳೆಗಾಲ ನನ್ನನ್ನು ಅಪರಾಧಿ ಥರ ನೋಡಿದ್ರಲ್ಲ! ಮಳೆಯಲ್ಲಿ ನಿಂತು ನಿಂತು ನನಗೆ ಜ್ವರ ಬಂತು. ಒಂದು ಸಲನಾದ್ರೂ ಹೇಳ್ಬಾರದಿತ್ತಾ?"

"ಹೇಳಿದ್ರೆ ನೀನು ನಿಲ್ತಿದ್ಯಾ? ಎರಡು ದಿನ ನಿಂತು ಜೋಕ್ ಹೇಳಿ ಹೋಗ್ತಿದ್ದೆ," ಅಂದರು ಶಾಂತಕ್ಕ, ಮೊದಲ ತುತ್ತನ್ನು ಒಂದು ಮಗುವಿನ ಬಾಯಿಗೆ ಇಡುತ್ತಾ. "ನನಗೆ ಒಬ್ಬ ಆಳು ಬೇಕಿತ್ತು ಮಂಜು."